ಹಳೆಯ ಸಾಗುವಳಿ ಚೀಟಿ: ಅಸಲೋ, ಖೋಟಾವೋ?



ಸಾಲದ ಅರ್ಜಿಯ ಜೊತೆಯಲ್ಲಿ ಬರುವ ಕಾಗದಪತ್ರಗಳನ್ನು ನೋಡುವುದು ಸಂಘದ ಕಾರ್ಯದರ್ಶಿಯ ಕೆಲಸಗಳಲ್ಲಿ ಒಂದು. ಅಡಿಕೆಯ ವಿಚಾರದಲ್ಲಾಗಲಿ ಕಾಫಿಯ ವಿಚಾರದಲ್ಲಾಗಲಿ ನಮ್ಮ ಸದಸ್ಯರನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಅಡಿಕೆಯನ್ನು ಕತ್ತರಿಸಿ ನೋಡಿ ಹೊಸತೋ ಹಳತೋ ಹೇಳುವವರು, ಪಾರ್ಚ್‌ಮೆಂಟ್ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ಇಲ್ಲವೇ ಹೇಳುವವರು, ಮೂರು ಎಕರೆ ತೋಟದ ಹಣೆಬರಹವೇ ನಿಂತಿರುವ ಹಳೆಯ ಕಾಗದವನ್ನು ಮಾತ್ರ ದುಂಡು ಮೊಹರು ಇದೆಯೆಂಬಷ್ಟಕ್ಕೇ ಕೈಮುಗಿದು ಒಪ್ಪಿಕೊಳ್ಳುತ್ತಾರೆ. ಕಾಗದಕ್ಕೂ ಕತ್ತರಿಸಿ ನೋಡುವ, ಕಚ್ಚಿ ನೋಡುವ ಕ್ರಮಗಳಿವೆ. ಅವನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಮೊದಲು ಒಂದು ಮಾತು. ನಮ್ಮಲ್ಲಿ ‘ನಕಲು’ ಎಂಬ ಶಬ್ದಕ್ಕೆ ಎರಡರ್ಥವಿದ್ದು ಅದರಿಂದ ಬಹಳ ಗೊಂದಲವಾಗಿದೆ. ತಾಲ್ಲೂಕು ಕಛೇರಿಯಿಂದ ದೃಢೀಕರಿಸಿ ಕೊಡುವ ಪ್ರತಿಯೂ ನಕಲೇ. ಅದು ಸುಳ್ಳು ಕಾಗದವಲ್ಲ. ಆದುದರಿಂದ ಸೃಷ್ಟಿಸಿದ ಕಾಗದವನ್ನು ಇಲ್ಲಿ ‘ಖೋಟಾ’ ಎಂದೇ ಕರೆದಿದ್ದೇನೆ.

ಖೋಟಾ ಭೂದಾನ ಪತ್ರಗಳು ಇಂದು ನಿನ್ನೆಯವಲ್ಲ. ಹರ್ಷವರ್ಧನನ ಮಧುಬನ್ ತಾಮ್ರಪಟದಲ್ಲಿ, ಒಬ್ಬಾತನು ಕೂಟಶಾಸನದ ಬಲದಿಂದ ಒಂದು ಗ್ರಾಮವನ್ನು ಅನುಭವಿಸುತ್ತಿದ್ದನೆಂದೂ, ಆ ಶಾಸನವನ್ನು ಒಡೆಯಿಸಿ ಗ್ರಾಮವನ್ನು ಬೇರೆಯವರಿಗೆ ಕೊಡಲಾಯಿತೆಂದೂ ಬರೆದಿದೆ. ಕೂಟಶಾಸನವೆಂದರೆ ಖೋಟಾ ದಾನಪತ್ರ. ಇದು ಕ್ರಿ.ಶ. ಏಳನೆಯ ಶತಮಾನದ ಮಾತು. ನಮಗೆ ಇನ್ನೂ ಹತ್ತಿರದ ಉದಾಹರಣೆ ಮಡಿಕೇರಿಯಲ್ಲಿ ದೊರೆತ ಗಂಗರ ಅರಸು ಅವಿನೀತನ ತಾಮ್ರಪಟಗಳು. ಅದರಲ್ಲಿರುವ 388ನೆಯ ವರ್ಷವನ್ನು ಶಕವರ್ಷವೆಂದು ಎಣಿಸಿದರೆ ಕ್ರಿ.ಶ. 466 ಆಗುತ್ತದೆ. ಲೂಯಿ ರೈಸರು ಅದನ್ನು ಪ್ರಕಟಿಸಿದರು; ಫ್ಲೀಟರು ನಂಬಲಿಲ್ಲ. ಅಕ್ಷರಗಳ ರೂಪ ಹಲವು ಶತಮಾನ ಈಚಿನದು, ಅದರಲ್ಲಿ ಬರುವ ‘ಅಕಾಲವರ್ಷ’ ಎಂಬುದು ಬಹಳ ಕಾಲಾನಂತರದ ರಾಷ್ಟ್ರಕೂಟ ಅರಸರ ಬಿರುದು ಎಂಬುದು ವಾದ. ಮುಂದೆ ಬಂದ ವಿದ್ವಾಂಸರಲ್ಲಿ ಕೆಲವರು, ಇದು ಪೂರಾ ಸುಳ್ಳಲ್ಲ, ಹಳೆಯ ದಾನಪತ್ರವನ್ನು ಮುಂದಿನ ಕಾಲದಲ್ಲಿ ಮತ್ತೆ ಬರೆಯಿಸಿದ ಪ್ರತಿ ಇರಬೇಕೆಂದು ಹೇಳಿದರು. ಈ ಚರ್ಚೆಯಲ್ಲಿ ನಮಗೆ ಬೇಕಾದ ಎರಡು ಅಂಶಗಳೂ ಇವೆ. ಕಾಗದದ ಮೇಲಿನ ತಾರೀಖಿಗಿಂತ ಈಚೆಗೆ ಹುಟ್ಟಿದ ವಸ್ತು ಅದರೊಳಗೆ ಇದ್ದರೆ ಆ ಕಾಗದ ಆ ದಿನದ್ದಲ್ಲ. ಆದರೆ ಆ ದಿನದ್ದಲ್ಲವೆಂದ ಮಾತ್ರಕ್ಕೆ ಅದು ಖೋಟಾ ಎಂದೂ ಆಗಲಿಲ್ಲ, ಪ್ರತಿಯಾಗಿರಬಹುದು.

ಇದರ ಮತ್ತೊಂದು ಮುಖವನ್ನೂ ಮನಸ್ಸಿನಲ್ಲಿಡಬೇಕು. ಯಾವ ವಸ್ತುವೂ ತಾನು ಹುಟ್ಟುವ ಮೊದಲು ಕಾಗದದ ಮೇಲೆ ಬರಲಾರದು. ಆದರೆ ತನ್ನ ಕಾಲ ಮುಗಿದ ಮೇಲೂ ಎಷ್ಟೋ ವರ್ಷ ಉಳಿಯಬಹುದು. ಸರ್ಕಾರಿ ಕಛೇರಿಯಲ್ಲಿ ಹಳೆಯ ಫಾರಂ, ಹಳೆಯ ರಬ್ಬರ್ ಮೊಹರು ಮುಗಿಯುವ ತನಕ ನಡೆಯುತ್ತದೆ. ಆದುದರಿಂದ ಹೊಸ ಕಾಗದದಲ್ಲಿ ಹಳೆಯ ಹೆಸರು ಕಂಡರೆ ಅನುಮಾನಕ್ಕೆ ಕಾರಣವಿಲ್ಲ. ಹಳೆಯ ಕಾಗದದಲ್ಲಿ ಹೊಸ ಹೆಸರು ಕಂಡರೆ ಮಾತ್ರ ಎಚ್ಚರಗೊಳ್ಳಬೇಕು.

ಈಗ ನಮ್ಮ ಕಡೆಯ ಕಾಗದಗಳಿಗೆ ಇದನ್ನು ಹಚ್ಚಿ ನೋಡೋಣ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. 1968ರ ಸಾಗುವಳಿ ಚೀಟಿಯ ತಲೆಯ ಮೇಲೆ ‘ಕರ್ನಾಟಕ ಸರ್ಕಾರ’ ಎಂದಿದ್ದರೆ ಅದು 1968ರಲ್ಲಿ ಬರೆದ ಮೂಲವಲ್ಲ. ಖೋಟಾ ಮಾಡುವವರು ಈಗೀಗ ಇದನ್ನು ಅರಿತಿದ್ದಾರೆ; ತಲೆಬರಹದಲ್ಲಿ ತಪ್ಪುವುದಿಲ್ಲ. ಅವರು ತಪ್ಪುವುದು ಒಳಗೆ. 1964ರ ಭೂ ಕಂದಾಯ ಕಾಯಿದೆಯನ್ನು ನಾವು ಇಂದು ‘ಕರ್ನಾಟಕ ಭೂ ಕಂದಾಯ ಕಾಯಿದೆ’ ಎಂದು ಕರೆಯುತ್ತೇವೆ, ಪುಸ್ತಕದ ಅಂಗಡಿಯಲ್ಲಿ ಸಿಗುವುದೂ ಅದೇ ಹೆಸರಿನಲ್ಲಿ. ಆದರೆ ಅದು ಹುಟ್ಟಿದಾಗ ‘ಮೈಸೂರು ಭೂ ಕಂದಾಯ ಕಾಯಿದೆ’. 1961ರ ಭೂ ಸುಧಾರಣಾ ಕಾಯಿದೆಯೂ ಹಾಗೆಯೇ.

ರಾಜ್ಯದ ಹೆಸರಿನಂತೆಯೇ ಸೀಮೆಯನ್ನೂ ನೋಡಬೇಕು. 1956ರ ನವೆಂಬರ್ 1ಕ್ಕೆ ಮೊದಲು ಪುತ್ತೂರು, ಸುಳ್ಯದ ಕಡೆ ಮದರಾಸಿಗೆ ಸೇರಿತ್ತು; ಶಿರಸಿ, ಸಿದ್ದಾಪುರ ಮುಂಬಯಿಗೆ; ಕೊಡಗು ತನ್ನದೇ ಪ್ರತ್ಯೇಕ ರಾಜ್ಯವಾಗಿತ್ತು. ಈ ಕಾರಣದಿಂದ ಅಳತೆಯಲ್ಲೂ ಭೇದವುಂಟು. ನಮ್ಮ ಹಳೆ ಮೈಸೂರು ಸೀಮೆಯಲ್ಲಿ ಎಕರೆ, ಗುಂಟೆ. ಘಟ್ಟದ ಕೆಳಗೆ ಎಕರೆ, ಸೆಂಟ್ಸ್. ಎಕರೆಗೆ ಗುಂಟೆ 40, ಸೆಂಟ್ಸ್ 100. ‘2 ಎಕರೆ 55 ಗುಂಟೆ’ ಎಂದು ಬರೆದ ಕಾಗದ ಕಂಡರೆ ಅದನ್ನು ಬರೆದವನು ಶಾನುಭೋಗನಲ್ಲ, ಗುಂಟೆಯ ಲೆಕ್ಕವೇ ಬಾರದವನು.

ಹಣದ ಲೆಕ್ಕದಲ್ಲಿಯೂ ಹೀಗೆಯೇ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿ, ಆಣೆ, ಪೈ. ಮೂರೂ ಕಾಲು ರೂಪಾಯಿ ಕಂದಾಯವನ್ನು 1952ರ ರಶೀದಿಯಲ್ಲಿ 3-4-0 ಎಂದು ಬರೆಯುತ್ತಿದ್ದರೇ ಹೊರತು 3.25 ಎಂದಲ್ಲ. 1957ರಿಂದ 1964ರವರೆಗೆ ‘ನಯಾ ಪೈಸೆ’ ಎಂಬ ಮಾತು ಬಳಕೆಯಲ್ಲಿತ್ತು. ಅಂಚೆಯ ಪಿನ್ ಕೋಡು ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕಿಂತ ಹಿಂದಿನ ಕಾಗದದ ಮೊಹರಿನಲ್ಲಿ 577ರಿಂದ ಆರಂಭವಾಗುವ ಆರು ಅಂಕಿಗಳಿದ್ದರೆ ಮೊಹರನ್ನು ಎಂದು ಮಾಡಿಸಿದರೆಂದು ಕೇಳಬೇಕಾಗುತ್ತದೆ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಕಾಯಿದೆಯ ಪ್ರಕಾರ ರದ್ದಾದದ್ದು 1963ರ ಫೆಬ್ರವರಿ 1ರಿಂದ. ಆದರೆ ಜನರ ಬಾಯಲ್ಲಿ ‘ಶಾನುಭೋಗರು’ ಇನ್ನೂ ಹೋಗಿಲ್ಲವಾದ್ದರಿಂದ ಆ ಒಂದು ಶಬ್ದವನ್ನೇ ಹಿಡಿದು ತೀರ್ಮಾನಿಸಬಾರದು.

ಛಾಪಾ ಕಾಗದದ ಮೇಲಿನ ಮುಖವನ್ನು ನೋಡಿ. ಸಂಸ್ಥಾನದ ಕಾಲದಲ್ಲಿ ಮೈಸೂರಿಗೆ ತನ್ನದೇ ಛಾಪಾ ಕಾಗದವಿತ್ತು. 1932ರ ಸಾಗರದ ಕ್ರಯಪತ್ರ ಇಂಗ್ಲಿಷ್ ದೊರೆಯ ಮುಖವಿರುವ ಕಾಗದದ ಮೇಲಿದ್ದರೆ ವಿಚಾರಿಸತಕ್ಕದ್ದು. ಆರನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದದ್ದು 1936ರ ಡಿಸೆಂಬರಿನಲ್ಲಿ. 1934ರ ಪುತ್ತೂರಿನ ಪತ್ರದ ಮೇಲೆ ಅವನ ತಲೆ ಇರಲಾರದು. ಕಾಗದದ ಹಿಂಬದಿಯಲ್ಲಿ ಮಾರಿದವನ ನಂಬರು, ತಾರೀಖು, ಕೊಂಡವರ ಹೆಸರು ಇರುತ್ತವೆ. ಅದನ್ನು ಓದದೆ ಬಿಡಬೇಡಿ.

ಆದರೆ ಇಲ್ಲಿಯೂ ಮೇಲೆ ಹೇಳಿದ ಎರಡನೆಯ ಮುಖ ಮರೆಯಬಾರದು. ತಮಿಳುನಾಡಿನ ಒಂದು ಮೊಕದ್ದಮೆಯಲ್ಲಿ 1980ರ ಕರಾರು ಪತ್ರವನ್ನು 1973ರಲ್ಲಿ ಒಂದು, 1978ರಲ್ಲಿ ಒಂದು ಕೊಂಡ ಎರಡು ಛಾಪಾ ಕಾಗದಗಳ ಮೇಲೆ ಬರೆದಿದ್ದರು. ಹಳೆಯ ಛಾಪಾ ಕಾಗದ ಉಪಯೋಗಿಸಿದ ಮಾತ್ರಕ್ಕೆ ಪತ್ರ ಅಸಿಂಧುವಾಗುವುದಿಲ್ಲ, ಅದು ಅನುಮಾನಕ್ಕೆ ಒಂದು ಕಾರಣವಾಗಬಹುದಷ್ಟೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಆರು ತಿಂಗಳಿಗೆ ಛಾಪಾ ಕಾಗದದ ಆಯುಸ್ಸು ಮುಗಿಯುತ್ತದೆಂಬ ನಮ್ಮ ಕಟ್ಟೆಯ ಮೇಲಿನ ಕಾನೂನು ಅಲ್ಲಿ ಬಿದ್ದುಹೋಯಿತು. ಅದೇ ಮೊಕದ್ದಮೆಯಲ್ಲಿ, ಮಸುಕಾದ ಹೆಬ್ಬೆಟ್ಟಿನ ಗುರುತನ್ನು ತಜ್ಞರಿಲ್ಲದೆ ನ್ಯಾಯಾಧೀಶರೇ ಬರಿಗಣ್ಣಿನಲ್ಲಿ ಹೋಲಿಸಿ ನೋಡುವುದು ಸರಿಯಲ್ಲವೆಂದೂ ಕೋರ್ಟು ಹೇಳಿತು. ನ್ಯಾಯಾಧೀಶರಿಗೇ ಸಲ್ಲದ ಕೆಲಸವನ್ನು ದಲ್ಲಾಳಿಗಳು ಹೋಟೆಲಿನ ಮೇಜಿನ ಮೇಲೆ ಮಾಡುತ್ತಾರೆ.

ವಾರ ನೋಡುವುದು ಬಹಳ ಸುಲಭವಾದ ಪರೀಕ್ಷೆ. 28 ವರ್ಷಕ್ಕೊಮ್ಮೆ ಇಂಗ್ಲಿಷ್ ಕ್ಯಾಲೆಂಡರು ಮೊದಲಿನ ಹಾಗೆಯೇ ಬರುತ್ತದೆ. 1968ರ ವಾರಗಳನ್ನು ತಿಳಿಯಬೇಕಾದರೆ 1996ರ ಅಥವಾ 2024ರ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿದರೆ ಸಾಕು. ಹಳೆಯ ಪತ್ರಗಳಲ್ಲಿ ಸಂವತ್ಸರದ ಹೆಸರೂ ಇರುವುದುಂಟು. ಅದು 60 ವರ್ಷಕ್ಕೆ ಮರಳುತ್ತದೆ. 1927ರ ಯುಗಾದಿಗೆ ಪ್ರಭವ ಆರಂಭವಾಯಿತು, ಮತ್ತೆ 1987ರ ಯುಗಾದಿಗೆ. ಹಾಗೆ ಎಣಿಸಿದರೆ 1968ರ ಯುಗಾದಿಯಿಂದ ಕೀಲಕ. ಮನೆಯ ಹಿರಿಯರಿಗೆ ಈ ಅರವತ್ತು ಹೆಸರು ಬಾಯಿಪಾಠ ಬರುತ್ತದೆ. ಅವರನ್ನು ಕೂರಿಸಿಕೊಂಡು ನೋಡಿದರೆ ಅವರಿಗೂ ಸಂತೋಷ.

ಇನ್ನು ಕಾಗದದ ಮೈಯನ್ನು ನೋಡುವ ಕ್ರಮ. ಚಹಾ ಅಥವಾ ನಮ್ಮದೇ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕೊಟ್ಟು ಕಾಗದಕ್ಕೆ ವಯಸ್ಸು ಬರಿಸುವವರಿದ್ದಾರೆ. ಹಾಗೆ ಮಾಡಿದ ಕಾಗದ ಎಲ್ಲ ಕಡೆಯೂ ಒಂದೇ ಸಮನೆ ಕಂದಾಗಿರುತ್ತದೆ. ಪೆಟ್ಟಿಗೆಯಲ್ಲಿ ಐವತ್ತು ವರ್ಷ ಮಡಿಸಿಟ್ಟ ಕಾಗದವಾದರೋ ಅಂಚಿನಲ್ಲಿ, ಹೊರಮಡಿಕೆಯಲ್ಲಿ ಹೆಚ್ಚು ಕಂದಿ ಒಳಗೆ ಬೆಳ್ಳಗೆ ಉಳಿದಿರುತ್ತದೆ. ಗೆದ್ದಲೋ ಹುಳುವೋ ತಿಂದ ತೂತಿದ್ದರೆ ಅದು ಅಕ್ಷರದ ನಡುವೆಯೂ ಹಾದುಹೋಗಿರಬೇಕು. ಹುಳುವಿಗೆ ಓದು ಬಾರದು. ಅಕ್ಷರಗಳನ್ನು ಬಿಟ್ಟು ಖಾಲಿ ಜಾಗವನ್ನೇ ಆರಿಸಿ ತಿಂದಿದೆಯೆಂದರೆ ತೂತು ಮೊದಲು, ಬರಹ ಆಮೇಲೆ. ಮಡಿಕೆಯ ಗೆರೆಯನ್ನು ದಾಟುವ ಕಡೆ ಮಸಿ ಗೆರೆಯುದ್ದಕ್ಕೂ ಹರಡಿಕೊಂಡಿದ್ದರೆ ಮಡಿಸಿದ ಕಾಗದದ ಮೇಲೆ ಆಮೇಲೆ ಬರೆದದ್ದೆಂದು ಊಹಿಸಬಹುದು. ಬಾಲ್ ಪೆನ್ನು ಪೇಟೆಗೆ ಬಂದದ್ದೇ ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ. 1935ರ ಪತ್ರದ ರುಜು ಬಾಲ್ ಪೆನ್ನಿನದಾದರೆ ಹೆಚ್ಚು ಚರ್ಚೆ ಬೇಡ. ಅಚ್ಚಿನ ಅಕ್ಷರವೂ ಹೀಗೆಯೇ ಸಾಕ್ಷಿ ಹೇಳುತ್ತದೆ. 2017ರಲ್ಲಿ ಪಾಕಿಸ್ತಾನದ ಅಂದಿನ ಪ್ರಧಾನಿ ನವಾಜ್ ಷರೀಫರ ಕುಟುಂಬದವರು ಹಾಜರುಪಡಿಸಿದ 2006ರ ಪತ್ರವೊಂದು ‘ಕ್ಯಾಲಿಬ್ರಿ’ ಎಂಬ ಕಂಪ್ಯೂಟರ್ ಅಕ್ಷರದಲ್ಲಿತ್ತು. ಆ ಅಕ್ಷರ ಪೇಟೆಗೆ ಬಂದದ್ದು 2007ರಲ್ಲಿ ಎಂದು ತನಿಖೆಯವರು ಎತ್ತಿ ತೋರಿಸಿದರು. 1972ರ ಚೀಟಿಯ ಮೇಲೆ ಕಂಪ್ಯೂಟರಿನ ‘ನುಡಿ’ ಅಕ್ಷರ ಕಂಡರೆ ಅದೂ ಅದೇ ಜಾತಿ.

ನಮ್ಮ ಸದಸ್ಯರೊಬ್ಬರು ಎರಡೂವರೆ ಎಕರೆ ಅಡಿಕೆ ತೋಟ ಕೊಳ್ಳಲು ಮುಂಗಡ ಕೊಡುವ ಮುನ್ನ ಒಂದು ಸಾಗುವಳಿ ಚೀಟಿಯನ್ನು ಕಛೇರಿಗೆ ತಂದಿದ್ದರು. ಮಗಳ ಮದುವೆಗೆಂದು ಇಟ್ಟ ಹಣವನ್ನೂ ಆ ವ್ಯವಹಾರಕ್ಕೆ ಸೇರಿಸಿದ್ದರು. ಚೀಟಿ ನೋಡಲು ಬಲು ಹಳೆಯದು. ತಲೆಬರಹ ‘ಮೈಸೂರು ಸರ್ಕಾರ’, ಸರಿಯಾಗಿಯೇ ಇತ್ತು. ತಾರೀಖು 14-4-1968. ಷರತ್ತುಗಳ ಕೆಳಗೆ ‘ಕರ್ನಾಟಕ ಭೂ ಕಂದಾಯ ಕಾಯಿದೆ’ ಎಂದಿತ್ತು. ಕ್ಯಾಲೆಂಡರು ತೆಗೆದು ನೋಡಿದರೆ ಆ ದಿನ ಭಾನುವಾರ. ಭಾನುವಾರ ರುಜು ಹಾಕಿದ ಅಧಿಕಾರಿ ಒಬ್ಬರೂ ಇರಲಿಲ್ಲವೆಂದು ಹೇಳಲಾರೆ. ಅದೊಂದರಿಂದಲೇ ಏನೂ ಸಿದ್ಧವಾಗುವುದಿಲ್ಲ. ಆದರೆ ಮೂರನೆಯ ವಿಷಯ ಮುಖ್ಯ. ಚೀಟಿಯಲ್ಲಿ ಸರ್ವೆ ನಂಬರು ಹಿಸ್ಸಾ ಸಮೇತ ಇತ್ತು, ಮೇಲೊಂದು ಕೆಳಗೊಂದು ಅಂಕಿ. ಆ ಸರ್ವೆ ನಂಬರು ಪೋಡಿಯಾಗಿ ಹಿಸ್ಸಾ ನಂಬರುಗಳು ಹುಟ್ಟಿದ್ದು 1990ರ ಈಚೆಗೆ ಎಂದು ಸರ್ವೆ ಕಛೇರಿಯ ಟಿಪ್ಪಣಿ, ಆಕಾರಬಂದುಗಳಿಂದ ತಿಳಿಯಿತು. ಮಂಜೂರಾದ ಕಾಲದಲ್ಲಿ ಇಡೀ ಗೋಮಾಳಕ್ಕೆ ಒಂದೇ ನಂಬರು. ಹುಟ್ಟದ ಮಗುವಿಗೆ ಹೆಸರಿಟ್ಟಂತೆ, ಇಲ್ಲದ ಹಿಸ್ಸಾಕ್ಕೆ 1968ರಲ್ಲಿ ಚೀಟಿ ಕೊಟ್ಟವರು ಯಾರು? ತಾಲ್ಲೂಕು ಕಛೇರಿಯ ಸಾಗುವಳಿ ಚೀಟಿ ರಿಜಿಸ್ಟರಿನಲ್ಲಿ ಆ ಚೀಟಿಯ ನಂಬರು ಬೇರೊಂದು ಗ್ರಾಮದ ಬೇರೊಬ್ಬರ ಹೆಸರಿನಲ್ಲಿತ್ತು. ಮುಂಗಡ ಕೊಡುವುದು ಅಲ್ಲಿಗೆ ನಿಂತಿತು.

ಇದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು, ಏಕೆಂದರೆ ಅದರಿಂದ ಆಗುವ ಹಾನಿ ಕಡಿಮೆಯದಲ್ಲ. ಗಂಡ ತೀರಿಕೊಂಡು ಒಂಟಿಯಾಗಿದ್ದ ಹಿರಿಯರೊಬ್ಬರಲ್ಲಿ 1974ರ ಸಾಗುವಳಿ ಚೀಟಿ ಇತ್ತು. ತಲೆಬರಹ ‘ಮೈಸೂರು ಸರ್ಕಾರ’. ಗುಮಾಸ್ತರ ಬರಹ ನೀಲಿ ಮಸಿ, ತಹಸೀಲ್ದಾರರ ರುಜು ಹಸಿರು. ತೋಟ ಕೊಳ್ಳಲು ಬಂದ ದಲ್ಲಾಳಿ, “ಅಮ್ಮಾ, 1973ಕ್ಕೇ ಕರ್ನಾಟಕವಾಗಿದೆ, 1974ರಲ್ಲಿ ಮೈಸೂರು ಎಲ್ಲಿಂದ ಬಂತು? ಮಸಿಯೂ ಎರಡು ಬಗೆ. ಇದು ಬೋಗಸ್ ಚೀಟಿ, ಹೊರಗೆ ತೋರಿಸಿದರೆ ನಿಮ್ಮ ಮೇಲೇ ಕೇಸು. ನಾನಾದರೆ ಅರ್ಧ ಬೆಲೆಗಾದರೂ ತೆಗೆದುಕೊಳ್ಳುತ್ತೇನೆ” ಎಂದು ಹೆದರಿಸಿದ್ದ. ಆ ತಾಯಿ ಮೂರು ತಿಂಗಳು ಯಾರಿಗೂ ಹೇಳದೆ ಚಿಂತೆಯಲ್ಲಿ ಕಳೆದರು. ಹಳೆಯ ಫಾರಂ ಮುಗಿಯುವ ತನಕ ಉಪಯೋಗಿಸಿದ್ದು ಅಲ್ಲಿ ತೊಡಕಾದದ್ದು, ಅಷ್ಟೆ. ದರಖಾಸ್ತಿನ ಆದೇಶದ ನಂಬರು, ಚೀಟಿ ರಿಜಿಸ್ಟರು, ಖಾತೆ ಬದಲಾವಣೆ, ವರ್ಷ ವರ್ಷದ ಕಂದಾಯ ರಶೀದಿ ಎಲ್ಲವೂ ತಾಳೆಯಾದವು. ಅಸಲು ಚೀಟಿಯನ್ನು ಖೋಟಾ ಎಂದು ನಂಬಿಸಿ ಅಗ್ಗಕ್ಕೆ ಹೊಡೆಯುವುದು, ಖೋಟಾ ಚೀಟಿಯನ್ನು ಅಸಲೆಂದು ಮಾರುವುದಕ್ಕಿಂತ ಸುಲಭವಾದ ದಂಧೆ. ಅದಕ್ಕೆ ಮೊಹರು ಕೊರೆಯುವ ಖರ್ಚೂ ಇಲ್ಲ.

ಹೀಗೆ ನೋಡಿದಾಗ, ಕಾಗದ ಒಂದೇ ತನ್ನ ಪರವಾಗಿ ತಾನು ಹೇಳುವ ಸಾಕ್ಷಿಯನ್ನು ಎಂದೂ ನಂಬತಕ್ಕದ್ದಲ್ಲ. ಅದು ಹಾದುಬಂದ ಕಛೇರಿಗಳಲ್ಲೆಲ್ಲ ಹೆಜ್ಜೆಯ ಗುರುತು ಇರಬೇಕು. ರಿಜಿಸ್ಟರಾದ ಪತ್ರವಾದರೆ ಅದರ ಮೇಲೆ ಪುಸ್ತಕದ ನಂಬರು, ಸಂಪುಟ, ಪುಟಗಳನ್ನು ಸಬ್ ರಿಜಿಸ್ಟ್ರಾರರು ಬರೆದಿರುತ್ತಾರೆ. ಸ್ಥಿರಾಸ್ತಿಯ ಪತ್ರಗಳು 1ನೆಯ ಪುಸ್ತಕಕ್ಕೆ, ಮರಣಶಾಸನಗಳು 3ನೆಯದಕ್ಕೆ. ಕ್ರಯಪತ್ರದ ಮೇಲೆ 3ನೆಯ ಪುಸ್ತಕವೆಂದಿದ್ದರೆ ಅಲ್ಲಿಯೇ ನಿಲ್ಲಿ. ಶುಲ್ಕ ಕೊಟ್ಟು 1ನೆಯ ಪುಸ್ತಕವನ್ನೂ ಅದರ ಅನುಕ್ರಮಣಿಕೆಯನ್ನೂ ನೋಡಲು, ದೃಢೀಕೃತ ನಕಲು ಪಡೆಯಲು ಯಾರಿಗಾದರೂ ಹಕ್ಕಿದೆ. ಮಂಜೂರಾತಿಯ ಕಡತವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ ಕೇಳಬಹುದು. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಅದನ್ನೂ ಬರಹದಲ್ಲಿಯೇ ಪಡೆಯಿರಿ. ಕಡತ ಕಳೆದ ಮಾತ್ರಕ್ಕೆ ಚೀಟಿ ಖೋಟಾ ಆಗುವುದಿಲ್ಲ, ಆದರೆ ಖೋಟಾ ಮಾಡುವವರು ಕಡತ ಕಳೆದ ವರ್ಷಗಳನ್ನೇ ಹುಡುಕುತ್ತಾರೆಂಬುದೂ ನಿಜ.

ರಿಜಿಸ್ಟರಿನೊಳಗೇ ಕೈಯಾಡಿಸಿದ ಪ್ರಸಂಗಗಳಿಲ್ಲದಿಲ್ಲ. ಎರಡು ಸಾಲುಗಳ ನಡುವೆ ತುರುಕಿದ ನಮೂದು, 47 ಆದ ಮೇಲೆ ‘47ಎ’ ಎಂಬ ನಂಬರು, ಪುಟದ ಕೊನೆಯ ಖಾಲಿ ಜಾಗದಲ್ಲಿ ಬೇರೆ ಕೈಬರಹ ಇವುಗಳನ್ನು ಗಮನಿಸಬೇಕು. ಆದುದರಿಂದಲೇ ಒಂದು ಕಛೇರಿಯ ಪುಸ್ತಕಕ್ಕೆ ಮತ್ತೊಂದು ಕಛೇರಿಯ ಪುಸ್ತಕವನ್ನು ಎದುರಿಟ್ಟು ನೋಡಬೇಕೆನ್ನುವುದು. ಕಾಫಿ ಬೆಳೆಗಾರರಿಗೆ ಇದರಲ್ಲಿ ಒಂದು ಅನುಕೂಲವಿದೆ. 1942ರ ಕಾಫಿ ಕಾಯಿದೆಯ ಪ್ರಕಾರ ತೋಟಗಳನ್ನು ನೋಂದಾಯಿಸಬೇಕಾಗಿತ್ತು. 1990ರ ದಶಕದಲ್ಲಿ ಮುಕ್ತ ಮಾರಾಟ ಬರುವ ತನಕ ಕಾಫಿಯನ್ನು ಮಂಡಳಿಯ ಪೂಲಿಗೆ ಒಪ್ಪಿಸಿ ರಶೀದಿ ಪಡೆಯುತ್ತಿದ್ದೆವು. ಅಜ್ಜನ ಕಾಲದ ಪೂಲಿನ ರಶೀದಿ, ನೋಂದಣಿ ಪತ್ರಗಳನ್ನು ರದ್ದಿಗೆ ಹಾಕಬೇಡಿ. ಭೂಮಿಯ ಹಕ್ಕನ್ನು ಅವು ಕೊಡುವುದಿಲ್ಲ, ಆದರೆ ಇಂತಹ ವರ್ಷ ಇಂತಹವರು ಈ ತೋಟ ಮಾಡುತ್ತಿದ್ದರೆಂಬುದಕ್ಕೆ ಕಂದಾಯ ಇಲಾಖೆಗೆ ಸಂಬಂಧವಿಲ್ಲದ ಸಾಕ್ಷಿಗಳು. ಸಂಘದ ಹಳೆಯ ಸಾಲದ ಖಾತೆ ಪುಸ್ತಕವೂ ಅಂತಹ ಸಾಕ್ಷಿಯೇ.

ಮೂವತ್ತು ವರ್ಷದ ಮಾತನ್ನು ಹಲವರು ಕೇಳಿರುತ್ತೀರಿ. ಮೂವತ್ತು ವರ್ಷ ಹಳೆಯದಾದ ಪತ್ರ ಸರಿಯಾದ ಸ್ಥಳದಿಂದ, ಅಂದರೆ ಸಹಜವಾಗಿ ಎಲ್ಲಿ ಇರಬೇಕೋ ಅಲ್ಲಿಂದ ಬಂದರೆ ಅದರ ರುಜು, ಬರಹಗಳು ಆಯಾ ವ್ಯಕ್ತಿಯವೇ ಎಂದು ಕೋರ್ಟು ಭಾವಿಸಬಹುದು. 1872ರ ಸಾಕ್ಷ್ಯ ಕಾಯಿದೆಯ 90ನೆಯ ಕಲಮಿನಲ್ಲಿ ಇದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ‘ಭಾವಿಸಬಹುದು’ ಎಂದಿದೆಯೇ ಹೊರತು ‘ಭಾವಿಸಲೇಬೇಕು’ ಎಂದಿಲ್ಲ. ಒಳಗೆ ಬರೆದದ್ದೆಲ್ಲ ಸತ್ಯವೆಂದೂ ಇಲ್ಲ. ತಂದೆಗೆ ಮಂಜೂರಾದ ಚೀಟಿ ಮಗನ ಪೆಟ್ಟಿಗೆಯಲ್ಲಿದ್ದರೆ ಅದು ಸರಿಯಾದ ಸ್ಥಳ. ಅದೇ ಚೀಟಿ ಪೇಟೆಯ ದಲ್ಲಾಳಿಯ ಸೂಟ್‌ಕೇಸಿನಿಂದ ಹೊರಬಂದರೆ, ಅಲ್ಲಿಗೆ ಹೇಗೆ ಹೋಯಿತೆಂದು ಕೇಳಬೇಕು.

ಚೀಟಿ ಅಸಲಾಗಿದ್ದೂ ಭೂಮಿ ಕೊಳ್ಳಲಾಗದ ಸಂದರ್ಭಗಳು ಬೇರೆಯೇ ಇವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಮಂಜೂರಾತಿಯ ಪರಭಾರೆ ನಿಷೇಧದ ಷರತ್ತನ್ನೂ, ಸರ್ವೆ ನಂಬರು ಅರಣ್ಯದ ಪಟ್ಟಿಯಲ್ಲಿದೆಯೇ ಎಂಬುದನ್ನೂ ನೋಡಬೇಕು. ಅದು ಬೇರೊಂದು ಪಾಠಕ್ಕೆ ವಿಷಯ.

ಅನುಮಾನ ಬಂದ ಕಾಗದವನ್ನು ಮಾರುವವನ ಮುಖಕ್ಕೆ ಹಿಡಿದು ಜಗಳವಾಡಬೇಡಿ. ಎರಡೂ ಬದಿಯ ಜೆರಾಕ್ಸ್ ಕೇಳಿ ಪಡೆಯಿರಿ, ಕಛೇರಿಗಳಲ್ಲಿ ತಾಳೆ ನೋಡುವ ತನಕ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಜೆರಾಕ್ಸ್ ಕೊಡಲು ಒಪ್ಪದವನ ತೋಟ ಎಷ್ಟೇ ಫಸಲು ಬಿಡಲಿ, ಬೇಡ. ನಿಮ್ಮದೇ ಮೂಲಪತ್ರಗಳನ್ನು ಯಾರ ಕೈಗೂ ‘ನೋಡಿ ಕೊಡುತ್ತೇನೆ’ ಎಂಬ ಮಾತಿಗೆ ಬಿಟ್ಟುಕೊಡಬೇಡಿ. ಮಳೆಗಾಲದ ತೇವಕ್ಕೆ ಹೆದರಿ ಹಲವರು ಮೂಲ ಚೀಟಿಗಳನ್ನು ಲ್ಯಾಮಿನೇಶನ್ ಮಾಡಿಸಿ ತಂದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಲಾಸ್ಟಿಕ್ಕಿನೊಳಗೆ ಹೋದ ಮೇಲೆ ಮಸಿ, ಮಡಿಕೆ, ಮೊಹರಿನ ಒತ್ತು ಯಾವುದನ್ನೂ ಪರೀಕ್ಷಿಸಲು ಬರುವುದಿಲ್ಲ. ಗಟ್ಟಿ ಕಾಗದದ ಲಕೋಟೆಯಲ್ಲಿ ಹಾಕಿ, ಒಲೆಯ ಹೊಗೆಯೂ ಗೋಡೆಯ ಶೀತವೂ ತಾಗದ ಕಡೆ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಅನುಮಾನವಿದ್ದ ಸದಸ್ಯರು ಜೆರಾಕ್ಸ್ ಪ್ರತಿಯೊಡನೆ ಸಂಘದ ಕಛೇರಿಗೆ ಬಂದರೆ, ಯಾವ ಕಛೇರಿಯಲ್ಲಿ ಯಾವ ಪುಸ್ತಕ ಕೇಳಬೇಕೆಂದು ಬರೆದು ಕೊಡಲಾಗುವುದು, ಅದಕ್ಕೆ ಶುಲ್ಕವಿಲ್ಲ.